ನಮ್ಮ ಮನೆಯಲ್ಲಿ ಬೋರರ್ ಹುಡುಕಿದ್ದು

ಅಡುಗೆಮನೆಯಿಂದ ಸೀದ ವಾಸನೆ ಬರ್ತಾ ಇದೆ. ಮೊಮ್ಮಗಳು ಸಿಂಚನ ಫೋನಿನಲ್ಲಿ ಗೆಳತಿ ಜೊತೆ ನಗ್ತಾ ನಗ್ತಾ ರೊಟ್ಟಿಯನ್ನು ಕಾವಲಿ ಮೇಲೇ ಮರೆತಿದ್ದಾಳೆ. ಬೇರೆ ಅಜ್ಜಿಯಾಗಿದ್ದರೆ ಸೌಟು ಹಿಡಿದು ಎದ್ದು ಹೋಗುತ್ತಿದ್ದಳು. ನಾನು ಜಗಲಿಯಲ್ಲಿ ಕೂತು ಆ ಹೊಗೆಯನ್ನು ಮಲ್ಲಿಗೆ ಪರಿಮಳದ ಹಾಗೆ ಎಳ್ಕೊಳ್ತಾ ಇದ್ದೀನಿ. ಮೂರನೇ ಕ್ಲಾಸಿಗೇ ಓದು ಬಿಟ್ಟವಳು ನಾನು, ಆದರೂ ಯಾಕೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ಹೋದ ವರ್ಷ ಇದೇ ಹುಡುಗಿ ಕಾಲೇಜು ಬಿಟ್ಟು ಬಂದು ಗೋಡೆ ಕಡೆ ಮುಖ ಹಾಕಿ ಮಲಗಿದವಳು, ತಿಂಗಳಾದರೂ ಏಳಲಿಲ್ಲ. ನಾನು ದೃಷ್ಟಿ ತೆಗೆದೆ. ಮೆಣಸಿನಕಾಯಿ ಘಾಟಿಗೆ ಕೆಮ್ಮಿ ಕೆಮ್ಮಿ ನಾನೇ ಮಲಗಿದೆ. ಒಂದು ದಿನ ತಲೆ ಬಾಚುವಾಗ, "ಬದುಕಿರೋದೇ ಬೇಡ ಅನ್ಸುತ್ತೆ ಅಜ್ಜಿ" ಅಂದಳು. ಬಾಚಣಿಗೆ ಹಾಗೇ ನಿಂತಿತು. ಎಂಟು ವರ್ಷದವಳಿದ್ದಾಗ ಇದೇ ಮಾತನ್ನು ನಮ್ಮಪ್ಪನ ಬಾಯಲ್ಲಿ ಕೇಳಿದ್ದೆ. ಅಪ್ಪ ಆಮೇಲೆ ತಾನಾಗೇ ಜೀವ ಕಳ್ಕೊಂಡರು. ಜನ 'ಆ ಮನೆ ರಕ್ತವೇ ಹಾಗೆ' ಅಂತಾರೆ ಅಂತ ಹೆದರಿ, ತವರಿನವರು ಜ್ವರ ಬಂದು ಹೋದರು ಅಂತ ಹೇಳಿಯೇ ನನ್ನ ಮದುವೆ ಮಾಡಿದ್ದು. ಗಂಡನಿಗೂ ನಾನು ಹೇಳಿರಲಿಲ್ಲ.

ಮರುದಿನವೇ ಅವಳು, ನಾನು, ನಮ್ಮ ಯಜಮಾನರು ಚಿಕ್ಕಮಗಳೂರಿಗೆ, ಮನಸ್ಸಿನ ಕಾಯಿಲೆ ನೋಡೋ ಡಾಕ್ಟ್ರಮ್ಮನ ಹತ್ತಿರ ಹೋದೆವು. "ಮನೇಲಿ ಹಿಂದೆ ಯಾರಿಗಾದರೂ ಹೀಗಾಗಿತ್ತಾ?" ಅಂತ ಡಾಕ್ಟ್ರಮ್ಮ ಕೇಳಿದರು. ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ರಿಟೈರಾದ ನಮ್ಮ ಯಜಮಾನರು, "ನಮ್ಮ ಕಡೆ ಎಲ್ಲ ಗಟ್ಟಿ" ಅಂತ ಎದೆ ತಟ್ಟಿಕೊಂಡರು. ಹೇಳಿದರೆ ಇವರೇನಂತಾರೋ, ಹೇಳದಿದ್ದರೆ ಹುಡುಗಿ ಗತಿ? ಹೇಳಿಬಿಟ್ಟೆ. ತೆರೆದ ಬಾಯಿ ಮುಚ್ಚಬೇಕಲ್ಲ! ಅಪ್ಪನ ವಿಷಯ, ಊಟಕ್ಕೆ ಮುನಿಸಿಕೊಂಡು ಅಟ್ಟ ಹತ್ತುತ್ತಿದ್ದ ಚಿಕ್ಕಪ್ಪನ ವಿಷಯ, ಬೆಕ್ಕಿಗೆ ಜಾತಕ ಬರೆಸಿದ ಸೋದರತ್ತೆ ವಿಷಯ...

"ಬೆಕ್ಕು ಬೇಡ ಅಜ್ಜಿ, ಅಪ್ಪನ ವಿಷಯ ಸಾಕು" ಅಂದರು ಡಾಕ್ಟ್ರಮ್ಮ.

ಹೆದರ್ತಾ ಗಂಡನ ಕಡೆ ನೋಡಿದೆ.

"ನಂಗೆ ಮದುವೆಗೆ ಮೊದಲೇ ಗೊತ್ತಿತ್ತು ಮಾರಾಯ್ತಿ. ನಿಮ್ಮೂರ ಬಸ್ಸಿನ ಕಂಡಕ್ಟರ್ ಹೇಳಿದ್ದ."

"ಮತ್ಯಾಕೆ ಒಪ್ಪಿದಿರಿ?"

"ನಿನ್ನ ನೋಡಿದ್ನಲ್ಲ."

ನಲವತ್ತೆಂಟು ವರ್ಷ ಬೆವರುತ್ತಾ ಮುಚ್ಚಿಟ್ಟಿದ್ದೆ ನಾನು! ಅಲ್ಲೇ ಒಂದು ಗುದ್ದು ಕೊಟ್ಟೆ.

ಡಾಕ್ಟ್ರಮ್ಮ ನಗು ತಡ್ಕೊಂಡು ಹೇಳಿದರು: "ಇದು ಶಾಪವೂ ಅಲ್ಲ, ಹಣೆಬರಹವೂ ಅಲ್ಲ. ಮಿದುಳಲ್ಲಿ ಕೆಲವು ರಾಸಾಯನಿಕ ಇರ್ತವೆ. ಅವು ಏರುಪೇರಾಗೋ ಗುಣ ಸ್ವಲ್ಪ ವಂಶದಲ್ಲೂ ಬರಬಹುದು. ಬಂದೇ ಬರುತ್ತೆ ಅಂತೇನಿಲ್ಲ. ಔಷಧ ಇದೆ, ಮಾತಾಡಿ ಸರಿಮಾಡೋದೂ ಇದೆ. ನೀವು ಹೇಳಿದ್ದು ಒಳ್ಳೇದಾಯ್ತು. ಮನೇಲಿ ಒಂದು ಕಣ್ಣಿಟ್ಟಿರಿ."

ಆ ಕೊನೇ ಮಾತು ಇವರ ಕಿವಿಗೆ ಬಿದ್ದದ್ದೇ ತಪ್ಪಾಯ್ತು. ಮೇಸ್ತ್ರಿಗೆ ಕಣ್ಣಿಡೋದು ಅಂದರೆ ಬೋರರ್ ಹುಡುಕೋದು. ಅರೇಬಿಕಾ ಕಾಫಿ ಗಿಡದ ಕಾಂಡ ಕೊರೆಯೋ ಹುಳ ಅದು. ಸಾಲು ಹಿಡಿದು ಹೋಗಿ ಪ್ರತಿ ಗಿಡವನ್ನೂ ಬುಡದಿಂದ ತುದಿತನಕ ನೋಡಬೇಕು. ಮರುದಿನ ಬೆಳಿಗ್ಗೆ ಕಾಫಿಗೂ ಮೊದಲೇ ಮಗ, ಸೊಸೆ, ಸಿಂಚನ, ನಾನು, ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತೆವು. "ಎಲೆ ಹಸಿರಿದೆ, ಮುಂದೆ" ಅಂತ ಇವರು ಮಗನನ್ನು ದಾಟಿದರು. ನನ್ನ ಮುಂದೆ ನಿಂತು, "ಈ ಗಿಡಕ್ಕೆ ಬುಡ ದಪ್ಪ, ಸದ್ದು ಜಾಸ್ತಿ" ಅಂದರು. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಮಾತ್ರೆ ಅದರ ಪಾಡಿಗೆ ಕೆಲಸ ಮಾಡ್ತಿತ್ತು.

ಒಂದು ಬೆಳಿಗ್ಗೆ ಸಿಂಚನ ಮೆಲ್ಲಗೆ ಕೇಳಿದಳು: "ಅಜ್ಜ, ಬೋರರ್ ಬಿದ್ದ ಗಿಡ ಕಿತ್ತು ಸುಡ್ತೀರಲ್ಲ. ನನ್ನನ್ನ?"

ಇವರು ತಲೆ ಕೆರ್ಕೊಂಡರು. "ಗಿಡ ಆದರೆ ನಿಂತಲ್ಲೇ ಇರುತ್ತೆ. ನಿನ್ನ ಕೀಳಕ್ಕೆ ಬಂದರೆ ಓಡ್ತೀಯ. ನನ್ನ ಮಂಡಿಗೆ ಆಗಲ್ಲ ಮಾರಾಯ್ತಿ. ಇಲ್ಲೇ ಇದ್ಬಿಡು."

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ, ಮೂಗಲ್ಲಿ ಸದ್ದು ಬರೋ ಹಾಗೆ. ನಾನು ಒಳಗೆ ಓಡಿ ಹಾಲಿನ ಪಾತ್ರೆ ಹಿಡ್ಕೊಂಡು ಅತ್ತೆ.

ಈಗಲೂ ಡಾಕ್ಟ್ರಮ್ಮನ ಹತ್ತಿರ ಹೋಗಿ ಬರ್ತಾಳೆ. ಮನಸ್ಸು ಮಂಕಾದ ದಿನ ತಾನೇ ಹೇಳ್ತಾಳೆ.

ನಿಮ್ಮ ಹತ್ತಿರ ಇಷ್ಟು ಹರಟೋದರಲ್ಲಿ ಮಧ್ಯಾಹ್ನವಾಯ್ತು ನೋಡಿ. ಇವತ್ತು ಹಿರಿಯರಿಗೆ ಎಡೆ ಇಡೋ ದಿನ. ತಾವಾಗೇ ಜೀವ ಕಳ್ಕೊಂಡವರಿಗೆ ಇಡಬಾರದು ಅಂತ ತವರಲ್ಲೂ ನಮ್ಮಪ್ಪನಿಗೆ ಎಲೆ ಹಾಕಿದ್ದಿಲ್ಲ. ಸಿಂಚನ ಯಾರನ್ನೂ ಕೇಳದೆ ಇನ್ನೊಂದು ಎಲೆ ಹಾಸಿದಳು. ಕಡುಬು, ಕೋಳಿ ಸಾರು ಬಡಿಸಿ, ಮೇಲೆ ಇನ್ನೆರಡು ಕಡುಬು ಇಟ್ಟಳು.

"ಅಷ್ಟು ಯಾಕೆ ಮಗ?" ಅಂದೆ.

"ಮುತ್ತಜ್ಜನಿಗೆ ಡಾಕ್ಟ್ರು ಸಿಗಲಿಲ್ಲ ಪಾಪ. ಕಡುಬಾದರೂ ಜಾಸ್ತಿ ಸಿಗಲಿ ಅಜ್ಜಿ."