ಮಾವನಿಗೆ ಕಾಣದ ನರಿ

ಆಗಿನ್ನೂ ಶಿಕಾರಿಪುರದಿಂದ ಸೊರಬದ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿ ಬೇಲಿ ಕಡಿಮೆ, ಬಯಲು ಹೆಚ್ಚು. ಊರೂರಿಗೂ ದನ ಮೇಯುವ ಗೋಮಾಳವಿತ್ತು. ಮೊದಲ ಮಳೆಗೆ ಹುಲ್ಲು ಚಿಗುರಿತೆಂದರೆ ಅಲ್ಲಿ ಮೊಲ, ಗೌಜಲಹಕ್ಕಿ, ನರಿ, ಅದೃಷ್ಟ ಚೆನ್ನಾಗಿದ್ದ ದಿನ ಚಿಗರಿಗಳೂ ಕಾಣುತ್ತಿದ್ದವು. ನಿಮ್ಮಲ್ಲಿ ಎಷ್ಟೋ ಜನ ಅಂಥ ಬಯಲಲ್ಲಿ ಆಡಿ, ಚಪ್ಪಲಿ ಕಳೆದುಕೊಂಡು ಬಂದು ಮನೆಯಲ್ಲಿ ಬೈಸಿಕೊಂಡಿರುತ್ತೀರಿ. ನನಗೆ ಮಾತ್ರ ಆ ಬಯಲು ನೆನಪಾದರೆ ಮೊದಲು ಬರುವುದು ಸಿಟ್ಟು. ಅದಕ್ಕೆ ಕಾರಣ ನನ್ನ ಸೋದರಮಾವ.

ಮಾವ ಸೊರಬದವರು. ಅವರ ಹತ್ತಿರ ಒಂದು ಹಳೆಯ ಜೀಪು, ರೀಲು ಹಾಕುವ ಒಂದು ಕ್ಯಾಮೆರಾ ಇದ್ದವು. ಭಾನುವಾರ ಬೆಳಿಗ್ಗೆ ಬಳ್ಳಿಗಾವಿಯ ಹತ್ತಿರವಿದ್ದ ನಮ್ಮೂರಿಗೆ ಬಂದು, ಅಮ್ಮ ಬಡಿಸಿದ ರೊಟ್ಟಿ, ಎಣ್ಣೆಗಾಯಿ ತಿಂದು, ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದರು. ಎತ್ತಿನ ಗಾಡಿಯವರೇ ನಮ್ಮನ್ನು ಹಿಂದೆ ಹಾಕಿ ಹೋಗುವಷ್ಟು ನಿಧಾನ. ಜೀಪಿನೊಳಗೆ ಡೀಸೆಲ್ಲು, ಬಿಸಿಲಿಗೆ ಕಾದ ರೆಕ್ಸಿನ್ನು, ಮಾವನ ಎಲೆಅಡಿಕೆ ಎಲ್ಲ ಸೇರಿದ ವಾಸನೆ. ಸೋಡಾಬುಡ್ಡಿ ಕನ್ನಡಕ ಹಾಕಿದ್ದರೂ ಅವರಿಗೆ ದೂರದ್ದು ಮಸುಕು.

"ನನ್ನ ಕಣ್ಣು ನೀನೇ ಮಾರಾಯ್ತಿ. ಎಂತಾದ್ರೂ ಕಂಡ್ರೆ ಹೇಳು," ಎನ್ನುತ್ತಿದ್ದರು.

ನಾನು ಅವರ ತೋಳು ತಟ್ಟಿ ಬೆರಳು ತೋರಿಸಿದರೆ ಸಾಕು, ಜೀಪು ನಿಲ್ಲಿಸಿ, ಅತ್ತ ಕ್ಯಾಮೆರಾ ತಿರುಗಿಸಿ ಪಟ ತೆಗೆಯುತ್ತಿದ್ದರು. ನನಗದು ಆಟವೇ ಆಗಿತ್ತು. ಆ ಹುಣಸೆಮರದಿಂದ ಈ ಮೋರಿಯವರೆಗೆ ಕಣ್ಣು ಮಿಟುಕಿಸಬಾರದೆಂದು ನನಗೆ ನಾನೇ ನಿಯಮ ಹಾಕಿಕೊಳ್ಳುತ್ತಿದ್ದೆ. ಏನಾದರೂ ತೋರಿಸಿಕೊಟ್ಟ ದಿನ ಶಿರಾಳಕೊಪ್ಪದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಕಣ್ಣಲ್ಲಿ ನೀರು ಸುರಿಸುತ್ತ ತಿನ್ನುತ್ತಿದ್ದೆ.

ಒಂದು ವರ್ಷ ಮುಂಗಾರಿಗೆ ಮೊದಲು ಅಪ್ಪ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದಾಗ ಎತ್ತಿನ ಮುಂದೆ ನಡೆಯುತ್ತಿದ್ದ ನನಗೆ ಟಿಟ್ಟಿಭದ ಮೊಟ್ಟೆಗಳು ಕಂಡವು. ಗೂಡೆಂದರೆ ಗೂಡೂ ಅಲ್ಲ, ಬರೀ ನೆಲದ ಮೇಲೆ ಮಣ್ಣಿನ ಹೆಂಟೆಯಂತೆ ಬಿದ್ದಿದ್ದವು. ನಾನು ಕೂಗಿದೆ. ಅಪ್ಪ ಎತ್ತು ನಿಲ್ಲಿಸಿದರು. ಅಂಥ ಕಡೆ ಒಂದು ಮಂಚದಗಲ ನೆಲವನ್ನು ಮುಟ್ಟದೆ, ಕುಂಟೆಯನ್ನು ಸುತ್ತು ಹಾಕಿಸಿಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ದನ ಕುರಿ ತುಳಿಯದಂತೆ ಜಾಲಿಮುಳ್ಳು ಇಟ್ಟು, ಹಕ್ಕಿ ಬಂದು ಹೋಗಲು ಒಂದು ಕಡೆ ಸಂದು ಬಿಡುತ್ತಾರೆ. ಹೊಲದ ನಡುವೆ ಮುಳ್ಳು ಕಂಡರೆ ಕುರಿ ಕಾಯುವವರೂ ಮಂದೆಯನ್ನು ಬದಿಗೆ ತಿರುಗಿಸುತ್ತಿದ್ದರು.

"ಮರಿ ಆಗೋತನಕ ಇಷ್ಟು ಜಾಗ ಅದರದ್ದು. ಇಷ್ಟು ಬಿತ್ತದಿದ್ರೆ ನಾವೇನು ಉಪವಾಸ ಬೀಳಲ್ಲ," ಎಂದರು ಅಪ್ಪ. ಮೊಟ್ಟೆ ಕಂಡವಳು ನಾನು, ಆದ್ದರಿಂದ ಕಾವಲೂ ನನ್ನದೇ ಎಂದುಕೊಂಡೆ. ದಿನಾ ಬೆಳಿಗ್ಗೆ ದೂರದಲ್ಲಿ ನಿಂತು ನೋಡಿ ಬರುತ್ತಿದ್ದೆ. ಭಾನುವಾರ ಮಾವ ಬಂದಾಗ ಹೆಮ್ಮೆಯಿಂದ ಕರೆದುಕೊಂಡು ಹೋಗಿ ತೋರಿಸಿದೆ.

ಮಾವ ಮಾಡಿದ ಮೊದಲ ಕೆಲಸ, ಮುಳ್ಳನ್ನೆಲ್ಲ ಕೋಲಿನಿಂದ ಎಳೆದು ದೂರ ಹಾಕಿದ್ದು.

"ಮುಳ್ಳು ತೆಗೀಬ್ಯಾಡ್ರೀ ಮಾವ, ಅಪ್ಪ ಬೈತಾರೆ."

"ಪಟಕ್ಕೆ ಅಡ್ಡ ಬರ್ತದೆ ಮಾರಾಯ್ತಿ. ಆಮೇಲೆ ಇಡೋಣ."

ನಾವು ಬದುವಿನ ಹಿಂದೆ ಅಡಗಿದೆವು. ಹಕ್ಕಿ ಬಂತು, ಅತ್ತಿತ್ತ ನೋಡಿತು, ಮೊಟ್ಟೆಯ ಮೇಲೆ ಕೂತಿತು. ಮಾವ ಪಟ ತೆಗೆದರು. ಅಷ್ಟರಲ್ಲಿ ಮಳೆ ಶುರುವಾಯಿತು. ಕ್ಯಾಮೆರಾವನ್ನು ಅಂಗಿಯೊಳಗೆ ಸೇರಿಸಿ, ನನ್ನ ಕೈ ಹಿಡಿದು ಜೀಪಿಗೆ ಓಡಿದರು. "ಮಾವ, ಮುಳ್ಳು!" ಎಂದು ಕೈ ಕೊಸರಿಕೊಂಡೆ. "ನಾಳೆ ನಿಮ್ಮಪ್ಪ ಇಡ್ತಾರೆ ಬಿಡು," ಎಂದವರು ನನ್ನನ್ನು ಮನೆಯ ಮುಂದೆ ಇಳಿಸಿ ಸೊರಬಕ್ಕೆ ಹೋಗಿಬಿಟ್ಟರು. ಅಪ್ಪ ಬೀಜ ತರಲು ಶಿಕಾರಿಪುರಕ್ಕೆ ಹೋಗಿದ್ದರು. ಆ ಮಳೆಯಲ್ಲಿ ಅಮ್ಮ ನನ್ನನ್ನು ಹೊಸಿಲು ದಾಟಲು ಬಿಡಲಿಲ್ಲ.

ಬೆಳಿಗ್ಗೆ ಎದ್ದು ಓಡಿದೆ. ಕುರಿಮಂದೆ ಆ ಜಾಗದ ಮೇಲೆಯೇ ಹಾದುಹೋಗಿತ್ತು. ಗೊರಸಿನ ಗುರುತುಗಳ ನಡುವೆ ಮೊಟ್ಟೆಯ ಓಡಿನ ಚೂರುಗಳು ಕೆಸರಲ್ಲಿ ಹೂತಿದ್ದವು. ಟಿಟ್ಟಿಭ ನನ್ನ ತಲೆಯ ಮೇಲೆಯೇ ಸುತ್ತುತ್ತ ಒಂದೇ ಸಮನೆ ಅರಚುತ್ತಿತ್ತು. ನಾನೂ ಅಲ್ಲೇ ಕೂತು ಅತ್ತೆ. ಮಾರನೆಯ ದಿನ ಅಪ್ಪ ಆ ಮಂಚದಗಲ ನೆಲಕ್ಕೂ ಕುಂಟೆ ಹೊಡೆದರು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಪಟಕ್ಕೆ ಶಿವಮೊಗ್ಗದ ಯಾವುದೋ ಸ್ಪರ್ಧೆಯಲ್ಲಿ ಬಹುಮಾನ ಬಂತು. ದಸರೆಗೆ ಸೊರಬಕ್ಕೆ ಹೋದಾಗ ನೋಡುತ್ತೇನೆ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕಿದ್ದಾರೆ. ಬಂದ ನೆಂಟರಿಗೆ ಮಾವ ಹೇಳುತ್ತಿದ್ದರು: "ಎಲ್ಲಾ ಮೊಟ್ಟೆನೂ ಮರಿ ಆದ್ವು. ನನ್ನ ಕಾಲ ಸುತ್ತಾನೇ ಓಡಾಡ್ತಿದ್ವು."

ಅಲ್ಲೇ ಚಕ್ಕುಲಿ ತಟ್ಟೆ ಹಿಡಿದು ನಿಂತಿದ್ದ ನನ್ನ ಮೈ ಉರಿದುಹೋಯಿತು. ಈ ಮನುಷ್ಯನಿಗೆ ಇನ್ನು ಮೇಲೆ ಒಂದೂ ಕಾಣಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ಮುಂದಿನ ಭಾನುವಾರದಿಂದ ನಾನು ಕಣ್ಣು ಬಿಟ್ಟುಕೊಂಡೇ ಕುರುಡಿಯಾದೆ. ಬೇಲಿಯ ಬುಡದಲ್ಲಿ ಮೊಲ ಕಿವಿ ನಿಮಿರಿಸಿ ಕೂತಿದ್ದರೆ, "ಏನೂ ಇಲ್ರೀ ಮಾವ." ಒಣಹುಲ್ಲಿನಾಚೆ ಚಿಗರಿ ತಲೆ ಎತ್ತಿದರೆ, "ಅದು ಯಾರದ್ದೋ ಆಡು." ಒಂದು ದಿನವಂತೂ ನನ್ನ ಬದಿಯಲ್ಲೇ, ಹುತ್ತದ ಪಕ್ಕ, ಒಂದು ನರಿ ಬಿಸಿಲು ಕಾಯಿಸುತ್ತ ಕೂತಿತ್ತು. ನಾನು ಮಾವನ ತೋಳು ತಟ್ಟಿ ಎದುರು ದಿಕ್ಕಿನ ಪೊದೆ ತೋರಿಸಿದೆ.

"ನರೀ ರೀ ಮಾವ! ದೊಡ್ಡದು! ತೆವಳಿಕೊಂಡು ಹೋಗ್ರಿ, ಇಲ್ಲಾಂದ್ರೆ ಓಡಿಹೋಗ್ತದೆ."

ಮಾವ ಕ್ಯಾಮೆರಾ ಬಿಗಿಯಾಗಿ ಹಿಡಿದು, ಇಬ್ಬನಿಯ ಹುಲ್ಲಲ್ಲಿ, ಹಸಿ ಸಗಣಿಯ ಮೇಲೆ, ಹೊಟ್ಟೆ ಎಳೆದುಕೊಂಡು ಹೋದರು. ನಾನೂ ನರಿಯೂ ಅದನ್ನು ನೋಡುತ್ತ ಕೂತೆವು. ಅದು ಒಮ್ಮೆ ಆಕಳಿಸಿತು, ಮುಂಗಾಲು ನೆಕ್ಕಿಕೊಂಡಿತು, ನನ್ನನ್ನೇ ನೋಡಿತು. ಅಷ್ಟು ಹತ್ತಿರದಿಂದ ನಾನು ನರಿಯನ್ನು ಮತ್ತೆಂದೂ ನೋಡಿಲ್ಲ. ಮಾವ ವಾಪಸು ಬರುವ ಹೊತ್ತಿಗೆ ಅದು ಎದ್ದು ಹೋಗಿತ್ತು. ಅವರ ಪ್ಯಾಂಟಿನ ತುಂಬ ಉತ್ತರಾಣಿ ಮುಳ್ಳು.

"ಓಡಿಹೋಯ್ತನೇ?"

"ನೀವು ಸದ್ದು ಮಾಡಿದ್ರಿ."

ಅವರು ದಾರಿಯುದ್ದಕ್ಕೂ ಒಂದೊಂದೇ ಮುಳ್ಳು ಕಿತ್ತು ಹೊರಗೆ ಎಸೆದರು. ನಾನು ಬೇಕೆಂದೇ ಒಂದಕ್ಕೂ ಕೈ ಹಚ್ಚಲಿಲ್ಲ. ಅವತ್ತು ತಿನ್ನಲು ಮಂಡಕ್ಕಿ ಸಿಗದಿದ್ದರೂ ಹೊಟ್ಟೆ ತುಂಬಿತ್ತು. ಸುಗ್ಗಿ ಮುಗಿಯುವ ಹೊತ್ತಿಗೆ ಮಾವ ಕ್ಯಾಮೆರಾವನ್ನು ಬೀರುವಿಗೆ ಸೇರಿಸಿದರು. "ಈ ಕಡೆ ಪ್ರಾಣಿ ಎಲ್ಲಾ ಮುಗಿದ್ವು ಕಣ್ರೀ," ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ನಾನು ಗೆದ್ದಿದ್ದೆ. ಈಗಲೂ ಅದನ್ನು ನೆನೆದರೆ ಸಂತೋಷವೇ ಆಗುತ್ತದೆ, ಪಶ್ಚಾತ್ತಾಪವೇನೂ ಇಲ್ಲ.

ಕಳೆದ ತಿಂಗಳು ಸೊರಬಕ್ಕೆ ಹೋಗಿದ್ದೆ. ಪಟ ಇನ್ನೂ ಪಡಸಾಲೆಯಲ್ಲೇ ಇದೆ. ಮಾವನಿಗೆ ಕಣ್ಣಿನ ಪೊರೆ ತೆಗೆಸಿದ್ದಾರೆ, ದೂರದ್ದೆಲ್ಲ ಈಗ ಸ್ಪಷ್ಟ. ಒಂದು ಸುತ್ತು ಹೋಗಿ ಬರೋಣ ಎಂದರು. ನನ್ನ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು, ಹಳೆಯ ದಾರಿಯಲ್ಲೇ, ಹಳೆಯಷ್ಟೇ ನಿಧಾನವಾಗಿ ಕಾರು ಓಡಿಸಿದೆ. ಗೋಮಾಳವಿದ್ದಲ್ಲಿ ಅಕೇಶಿಯಾ ನೆಡುತೋಪು, ಅದು ಮುಗಿದರೆ ಶುಂಠಿ, ಅದು ಮುಗಿದರೆ ಸೈಟಿನ ಕಲ್ಲುಗಳು. ಉದ್ದಕ್ಕೂ ತಂತಿಬೇಲಿ. ಹುತ್ತವಿದ್ದ ಜಾಗ ಯಾವುದೆಂದೂ ಗೊತ್ತಾಗಲಿಲ್ಲ.

ಮಾವ ಕಿಟಕಿಗೆ ಮುಖ ಒಡ್ಡಿ ಕೂತಿದ್ದವರು ನನ್ನ ಕಡೆ ತಿರುಗಿದರು. "ನಂಗಂತೂ ಕಾಣ್ತಿಲ್ಲ. ನಿಂಗೆ ಎಂತಾದ್ರೂ ಕಾಣ್ತನೇ?"

"ಏನೂ ಇಲ್ರೀ ಮಾವ," ಎಂದೆ.

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅವರಿಗೆ ಇನ್ನೊಂದು ಸುಳ್ಳು ಹೇಳಲು ಮನಸ್ಸೂ ಇತ್ತು. ಆದರೆ ಸುಳ್ಳು ಹೇಳಬೇಕಾದರೂ ಅಲ್ಲಿ ಒಂದು ನರಿ ಇರಬೇಕಿತ್ತು.