ನಡುಹೊಳೆಯ ನಿಂಗಕ್ಕ

ಹರಿಗೋಲಿನಲ್ಲಿ ಯಾರು ಯಾರ ಎದುರು ಕೂರಬೇಕು ಎಂಬುದು ಲೋಕವಿನ್ನೂ ಸರಿಯಾಗಿ ಗಮನಿಸದ ಮಹತ್ವದ ಪ್ರಶ್ನೆ. ಬುಕ್ಕಸಾಗರದ ಗಂಡಸರು ಮಾತ್ರ ಗಮನಿಸಿದ್ದಾರೆ. ಬೆಳಗಿನ ಮಂಜಿನಲ್ಲಿ ತುಂಗಭದ್ರೆಯ ನಡುಗಡ್ಡೆಯ ಬಾಳೆತೋಟಕ್ಕೆ ಕೂಲಿಗೆ ಹೊರಟವರು ಆಶಾ ಕಾರ್ಯಕರ್ತೆ ನಿಂಗಕ್ಕನ ಎದುರಿನ ಜಾಗವೊಂದನ್ನು ಬಿಟ್ಟು ಉಳಿದೆಡೆ ಒತ್ತೊತ್ತಾಗಿ ಕೂರುತ್ತಾರೆ. ತಡವಾಗಿ ಬಂದವನಿಗೆ ಅದೇ ಗತಿ.

ಈ ಸೋಮವಾರ ತಡವಾದವನು ಎರ್ರಿಯಪ್ಪ. ದಡ ಮಂಜಿನಲ್ಲಿ ಕರಗಿ, ಬಂಡೆಗಳೇ ನೀರಿನ ಮೇಲೆ ತೇಲುವಂತೆ ಕಾಣತೊಡಗಿದ ಮೇಲೆ ನಿಂಗಕ್ಕ ಚೀಲದಿಂದ ಬಿಪಿ ಯಂತ್ರ ತೆಗೆಯುತ್ತಾಳೆ.

"ನನಗೇನಾಗೇತಿ? ಹಂಪಿ ಕಲ್ಲಿನಂಗ ಅದೀನಿ."

"ಹಂಪ್ಯಾಗ ಬಿದ್ದಿರೋ ಕಲ್ಲೂ ಭಾಳ ಅದಾವ ಮಾವ. ಕೈ ಕೊಡ್ರಿ."

ಮನೆಗೆ ಹುಡುಕಿಕೊಂಡು ಹೋದರೆ ಇವರೆಲ್ಲ ಹಿತ್ತಿಲ ಬಾಗಿಲಿಂದ ಮಾಯವಾಗುತ್ತಿದ್ದರು. ಹರಿಗೋಲಿಗೆ ಹಿತ್ತಿಲಿಲ್ಲ ಎಂಬುದು ನಿಂಗಕ್ಕನಿಗೆ ಹೊಳೆದದ್ದು ಮೂರು ವರ್ಷದ ಹಿಂದೆ. "ದವಾಖಾನಿಗೆ ಹೋದ್ರ ರೋಗ ಐತಿ ಅಂತಾರ, ಹೋಗ್ದಿದ್ರ ಇಲ್ಲ. ಇದು ಇವರ ಲೆಕ್ಕ. ಹೆಂಡ್ರಿಗೆ ನೆಗಡಿ ಬಂದ್ರ ಜಲ್ದಿ ಕರಕೊಂಡು ಬರ್ತಾರ. ತಾವು ಮಾತ್ರ ಬಾಗಿಲ ಹೊರಗ ನಿಂದ್ರತಾರ," ಎನ್ನುತ್ತಾಳೆ ಅವಳು.

ಇಷ್ಟು ದಿನ ಕೈಗೆ ಸಿಗದವನು ಒಬ್ಬನೇ: ಹುಟ್ಟು ಹಾಕುವ ಪಾಲಪ್ಪ. ಅವನ ಕಾಲಿನ ಹೆಬ್ಬೆರಳ ಗಾಯ ತಿಂಗಳಿಂದ ಬಟ್ಟೆಯೊಳಗೆ ಅಡಗಿದೆ. ಈಗ ವಾಸನೆ ಬರುತ್ತಿದೆ.

"ಚಪ್ಪಲಿ ಕಡದೈತಿ, ಅಷ್ಟ."

"ನೀನು ಚಪ್ಪಲಿ ಮೆಟ್ಟಿದ್ದು ಯಾವಾಗಲೇ? ಕೈಬೆರಳು ಕೊಡು, ಸಕ್ರಿ ನೋಡ್ತೀನಿ."

"ಎರಡೂ ಕೈ ಹುಟ್ಟಿನ ಮ್ಯಾಲ ಅದಾವಕ್ಕ. ಬಿಟ್ರ ಹರಿಗೋಲು ತಿರಗತೈತಿ."

"ಟೂರಿಸ್ಟ್ ಮಂದೀನ ರೊಕ್ಕ ತಗೊಂಡು ತಿರಗಸ್ತಿ. ನಮಗೂ ಒಂದ್ಸಲ ಪುಕ್ಕಟೆ ತಿರಗಸು."

ಎರ್ರಿಯಪ್ಪ ಹುಟ್ಟು ಕಿತ್ತುಕೊಳ್ಳುತ್ತಾನೆ. "ನನ್ನ ಹಿಡದಾಗ ನಕ್ಕಿ ಅಲ್ಲಲೇ, ಈಗ ಕೊಡು!"

ಹರಿಗೋಲು ಮೆಲ್ಲಗೆ ತಿರುಗತೊಡಗುತ್ತದೆ. ಬಂಡೆ, ಬಾಳೆ, ಹಾಳು ಮಂಟಪ, ಮಂಜಿನಲ್ಲಿ ಅದ್ದಿದಂಥ ಕೆಂಪು ಸೂರ್ಯ, ಮತ್ತೆ ಬಂಡೆ. ಆ ಸುತ್ತಾಟದ ನಟ್ಟನಡುವೆ ಒಂದು ಹನಿ ರಕ್ತ. ಯಂತ್ರದ ಅಂಕಿ ನಾನೂರು ದಾಟುತ್ತದೆ. ಇರಬೇಕಾದದ್ದರ ಎರಡು ಪಟ್ಟಿಗೂ ಹೆಚ್ಚು.

"ಕಾಲು ತಗೀತಾರೇನಕ್ಕ?" ಪಾಲಪ್ಪನ ದನಿ ನೀರಿಗಷ್ಟೇ ಕೇಳುವಷ್ಟಿದೆ. "ನಮ್ಮಣ್ಣ ದವಾಖಾನಿಗೆ ನಡಕೋಂತ ಹೋಗಿದ್ದ. ಒಂದ ಕಾಲಾಗ ಬಂದ."

"ಅವ ತಡಾ ಮಾಡಿದ್ದ. ನೀನು ಇವತ್ತ ನಡಿ, ನಾನೂ ಬರ್ತೀನಿ."

ಎರ್ರಿಯಪ್ಪ ಹರಿಗೋಲನ್ನು ಬಂದ ದಡಕ್ಕೇ ತಿರುಗಿಸುತ್ತಾನೆ. ಕೂಲಿ ತಪ್ಪಿತೆಂದು ಯಾರೂ ಗೊಣಗುವುದಿಲ್ಲ.

ನಿಂಗಕ್ಕನ ಆಸೆ ದೊಡ್ಡದೇನಲ್ಲ. "ಒಬ್ಬನಾರ ದಡದಾಗ, ತಾನಾಗೇ ಬಂದು ಕೈ ಚಾಚಬೇಕ್ರಿ."

ಗುರುವಾರ ಹೊಸಪೇಟೆಯ ಆಸ್ಪತ್ರೆಯಲ್ಲಿ ಪಾಲಪ್ಪನ ಹೆಬ್ಬೆರಳು ತೆಗೆದರು. ಕಾಲು ಉಳಿಯಿತು.