ಫಿಲ್ಟರ್ ತೆಗೆಯೇ, ಮಂಕಾಗಿದೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಅಣ್ಣನ ಕಡೆ ಬೆರಳು ತೋರಿಸುವುದು ಬೇಡ.

ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು. ಟಿ. ನಗರದಲ್ಲಿ ಸ್ಟುಡಿಯೋ ಇಟ್ಟುಕೊಂಡು ಬಹಳ ವರ್ಷ ಮದುವೆ ಫೋಟೋ ತೆಗೆದವನು. ನನ್ನ ಕೈಗೆ ಕ್ಯಾಮೆರಾ ಕೊಟ್ಟು ಕಲಿಸಿದವನೂ ಅವನೇ. ಸ್ಟುಡಿಯೋ ಮುಚ್ಚಿದ ಮೇಲೆ ಇಬ್ಬರೂ ಸೇರಿ ಒಂದು ಡ್ರೋನ್ ಕೊಂಡೆವು. ವೇಲಚೇರಿಯ ನಮ್ಮ ಮನೆ ವಿಮಾನ ನಿಲ್ದಾಣಕ್ಕೆ ಹತ್ತಿರ, ಅಲ್ಲಿ ಹಾರಿಸುವ ಹಾಗಿಲ್ಲ. ಹಾಗಾಗಿ ನಮ್ಮ ಕೆಲಸವೆಲ್ಲ ಊರಾಚೆ, ಸಮುದ್ರದ ಪಕ್ಕದ ರೆಸಾರ್ಟುಗಳಲ್ಲಿ. ಹಾರಿಸುವವಳು ನಾನು, ಪಕ್ಕದಲ್ಲಿ ನಿಂತು ಬೆಳಕು ನೋಡುವವನು ಅವನು.

ಜಗಳವೆಲ್ಲ ಫಿಲ್ಟರಿನದು. ನಮ್ಮ ಡ್ರೋನಿನ ಲೆನ್ಸಿನ ಕಿಂಡಿಯನ್ನು ಹಿಗ್ಗಿಸಲೂ ಆಗದು, ಕುಗ್ಗಿಸಲೂ ಆಗದು. ಅಲೆಗಳ ವಿಡಿಯೋ ಮೆತ್ತಗೆ ಹರಿದಂತೆ ಬರಬೇಕಾದರೆ ಶಟರ್ ನಿಧಾನ ಇಡಬೇಕು, ಅಂದರೆ ಅದು ಹೆಚ್ಚು ಹೊತ್ತು ತೆರೆದಿರಬೇಕು. ಈ ಊರಿನ ಬಿಸಿಲಿನಲ್ಲಿ ಹಾಗೆ ಇಟ್ಟರೆ ಆಕಾಶ, ನೀರು ಎಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅದಕ್ಕೇ ಲೆನ್ಸಿನ ಮುಂದೆ ಒಂದು ಪುಟ್ಟ ಕಪ್ಪು ಗಾಜು ಸಿಕ್ಕಿಸುವುದು, ನಾವು ಕೂಲಿಂಗ್ ಗ್ಲಾಸ್ ಹಾಕಿಕೊಂಡ ಹಾಗೆ. ಅಣ್ಣನಿಗೆ ಅದನ್ನು ಕಂಡರೆ ಆಗದು. ಜನ್ಮವಿಡೀ ಎಲ್ಲವನ್ನೂ ಕೈಯಾರೆ ಹೊಂದಿಸಿಕೊಂಡು ಬಂದವನು. ಗಾಜು ಯಾಕೆ, ಶಟರ್ ಜೋರು ಮಾಡು ಅನ್ನುವನು. ಆಗ ಅಲೆ ಕುಂಟುತ್ತೆ ಅಂತ ನಾನು. ಮೊದಮೊದಲು ಇದು ತಮಾಷೆಯೇ ಆಗಿತ್ತು. ಕಾರಿನಲ್ಲಿ ಹೋಗುವಾಗ, ಇಡ್ಲಿ ತಿನ್ನುವಾಗ, ಯಾವಾಗಲೂ ಇದೇ ಪುರಾಣ.

ಆಮೇಲೆ ಅವನು ಹೊಸ ರಾಗ ತೆಗೆದ. "ಫಿಲ್ಟರ್ ತೆಗೆಯೇ, ಮಂಕಾಗಿದೆ." ರಿಮೋಟಿನ ಪರದೆ ನೋಡಿದಾಗಲೆಲ್ಲ ಅದೇ ಮಾತು.

ಮಂಕಾಗಿರಲಿಲ್ಲ. ಪರದೆಯ ಮೂಲೆಯಲ್ಲಿ ಬೆಳಕಿನ ಅಳತೆ ತೋರಿಸುವ ಒಂದು ಗ್ರಾಫ್ ಇರುತ್ತದೆ. ಅದರ ಮೇಲೆ ಬೆರಳಿಟ್ಟು, ನೋಡು, ಎಲ್ಲ ಸರಿಯಾಗಿದೆ ಅಂತ ವಾದಿಸುತ್ತಿದ್ದೆ. ಅವನು ಕತ್ತು ಹೊರಳಿಸಿ ಆ ಮೂಲೆಯನ್ನು ಹುಡುಕುತ್ತಿದ್ದ, ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಚಿತ್ರ ಮಂಕಾಗಿಲ್ಲ ಅಂತ ಸಾಧಿಸುವುದರಲ್ಲೇ ಇದ್ದೆನಲ್ಲ ನಾನು, ಮತ್ತೆ ಇವನಿಗೆ ಯಾಕೆ ಮಂಕಾಗಿ ಕಾಣುತ್ತಿದೆ ಅಂತ ಒಂದು ದಿನ, ಒಂದೇ ಒಂದು ದಿನವೂ ಕೇಳಲಿಲ್ಲ. ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ನೀರಿನ ಲೋಟಕ್ಕೆ ಕೈ ತಗುಲಿಸಿ ಬೀಳಿಸುತ್ತಿದ್ದ. ವಯಸ್ಸಾಯ್ತು ಕಣೋ ನಿಂಗೆ ಅಂತ ನಾನು ನಗುತ್ತಿದ್ದೆ.

ಒಂದು ಮದುವೆ. ಬೆಳಗ್ಗೆ ಒಂಬತ್ತರ ಬಿಸಿಲು, ಸಮುದ್ರದ ಎದುರಿಗೇ ಮಂಟಪ. ನಾನು ಡ್ರೋನ್ ಮೇಲೇರಿಸುವ ಮೊದಲು ಹುಡುಗಿಯ ಮನೆಯವರ ಜೊತೆ ಮಾತಿಗೆ ನಿಂತಿದ್ದೆ. ಅಷ್ಟರಲ್ಲಿ ಅಣ್ಣ ಫಿಲ್ಟರ್ ಬಿಚ್ಚಿ, ತನ್ನ ಕಣ್ಣಿಗೆ ಸರಿ ಕಂಡ ಹಾಗೆ ಎಲ್ಲವನ್ನೂ ಕೈಯಾರೆ ಹೊಂದಿಸಿಟ್ಟಿದ್ದ. ಮುಹೂರ್ತದ ಗಡಿಬಿಡಿಯಲ್ಲಿ ನಾನು ಗಮನಿಸದೆ ಹಾರಿಸಿಬಿಟ್ಟೆ. ತಾಳಿ ಕಟ್ಟುವ ಹೊತ್ತಿನ ಚಿತ್ರವೆಲ್ಲ ಬಿಳಿ. ಹುಡುಗಿಯ ಗಂಧದ ಬಣ್ಣದ ಸೀರೆಯಿಲ್ಲ, ಮುಖವಿಲ್ಲ, ಏನೂ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು. ಅಷ್ಟು ಜನರ ಮುಂದೆ ಕೂಗಿದೆ.

"ಕಣ್ಣು ಕಾಣಲ್ವಾ ನಿಂಗೆ? ಇನ್ಮೇಲೆ ಕ್ಯಾಮೆರಾ ಮುಟ್ಟಬೇಡ."

ಅವನು ಬಿಚ್ಚಿದ್ದ ಫಿಲ್ಟರನ್ನು ಕುರ್ಚಿಯ ಮೇಲಿಟ್ಟು ಕಾರಿಗೆ ಹೋಗಿ ಕೂತ. ಅದಾದ ಮೇಲೆ ನನ್ನ ಜೊತೆ ಬರುತ್ತಿದ್ದ, ಬ್ಯಾಟರಿ ಎತ್ತಿಕೊಡುತ್ತಿದ್ದ, ಆದರೆ ಮಂಕಾಗಿದೆ ಅನ್ನುವ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ಅಬ್ಬಾ, ಬುದ್ಧಿ ಬಂತು ಅಂತ ನಾನು ಖುಷಿಪಟ್ಟೆ. ಹಾಗೇ ಎಂಟು ತಿಂಗಳು ಕಳೆಯಿತು.

ವೇಲಚೇರಿ ಸ್ಟೇಷನ್ನಿನ ಮೆಟ್ಟಿಲಲ್ಲಿ ಅವನು ಬಿದ್ದ ಮೇಲೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಡಾಕ್ಟರಮ್ಮ ದೀಪ ಬಿಟ್ಟು ನೋಡಿ, ಯಾವಾಗಿನಿಂದ ಮಂಕು ಅಂತ ತಮಿಳಿನಲ್ಲಿ ಕೇಳಿದರು. ಎರಡು ವರ್ಷ ಆಗಿರಬೇಕು ಅಂದ. ಮತ್ತೆ ಯಾಕೆ ಬರಲಿಲ್ಲ ಅಂದರು. ಅವನು ನನ್ನ ಕಡೆ ತಿರುಗಿ ನಾಚಿಕೊಂಡವನ ಹಾಗೆ ನಕ್ಕ. ತಂಗಿ ಲೆನ್ಸಿಗೆ ಕಪ್ಪು ಗಾಜು ಹಾಕುತ್ತಾಳೆ, ಅದರಿಂದ ಅಂದುಕೊಂಡಿದ್ದೆ ಅಂದ. ರಸ್ತೆಯಲ್ಲಿ ಮಂಕಾದರೆ ಕನ್ನಡಕ ಹಳೆಯದಾಯಿತು ಅಂದುಕೊಳ್ಳುತ್ತಿದ್ದನಂತೆ.

ಡಾಕ್ಟರಮ್ಮ ನಗಲಿಲ್ಲ. ಕಣ್ಣಿನೊಳಗಿನ ಒತ್ತಡದಿಂದ ನರ ಸತ್ತಿದೆ, ಅಂಚಿನಿಂದ ಶುರುವಾಗಿ ನಡುವಿನವರೆಗೂ ಬಂದಿದೆ, ಹೋದದ್ದು ವಾಪಸು ಬರುವುದಿಲ್ಲ ಅಂದರು. ಆಗಲೇ ಬಂದಿದ್ದರೆ ಬಹುಪಾಲು ಉಳಿಯುತ್ತಿತ್ತಂತೆ. ಆಟೋದಲ್ಲಿ ನಾನು ಗೊಳೋ ಅಂತ ಅತ್ತೆ. ಅವನು ನನ್ನ ಮಂಡಿ ತಟ್ಟುತ್ತಾ, "ಪರ್ವಾಇಲ್ಲೆ ಮಾ, ನಿಂಗೇನ್ ಗೊತ್ತಿತ್ತು" ಅಂದ. ನನಗೆ ಎಲ್ಲ ಗೊತ್ತಿತ್ತು. ಅವನೇ ದಿನಾ ಹೇಳುತ್ತಿದ್ದನಲ್ಲ.

ಈಗ ಅವನ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೆ ಬಿಸಿಲು, ನೆರಳು ಅಷ್ಟೇ ಗೊತ್ತಾಗುವುದು. ಹೋದ ವಾರ ನಾನೂ ಬರುತ್ತೇನೆ ಅಂತ ಹಟ ಮಾಡಿದ. ಸಮುದ್ರದ ದಂಡೆಯಲ್ಲಿ ಸರ್ವೆ ಮರದ ನೆರಳಿಗೆ ಕುರ್ಚಿ ಹಾಕಿ ಕೂರಿಸಿದೆ. ಒಂದು ಸುತ್ತು ಹಾರಿಸಿ ಇಳಿಸಿ, ಬ್ಯಾಟರಿ ಬದಲಿಸಲು ಡ್ರೋನ್, ರಿಮೋಟ್ ಎರಡನ್ನೂ ಆಫ್ ಮಾಡಿದೆ.

"ಫಿಲ್ಟರ್ ಹಾಕಿದ್ಯಾ?" ಅಂತ ಕೇಳಿದ.

ಹಾಕಿದ್ದೀನಿ ಅಂದೆ.

"ತೆಗಿ ಮಾ, ಒಂದ್ಸಲ ನೋಡ್ತೀನಿ."

ಗಾಜನ್ನು ಉಗುರಿನಿಂದ ಬಿಡಿಸಿ ಅವನ ಅಂಗೈಯಲ್ಲಿಟ್ಟೆ. ಮರಳಿನಲ್ಲಿ ಮಂಡಿಯೂರಿ, ರಿಮೋಟಿನ ಪರದೆಯನ್ನು ಅವನ ಮುಖದ ಹತ್ತಿರ ಹಿಡಿದೆ. ಆನ್ ಮಾಡುವ ಗುಂಡಿ ಒತ್ತುವುದನ್ನೇ ಮರೆತಿದ್ದೆ. ಅವನು ಮುಂದಕ್ಕೆ ಬಗ್ಗಿ, ಸ್ಟುಡಿಯೋದಲ್ಲಿ ನೋಡುತ್ತಿದ್ದ ಹಾಗೇ ಒಂದು ಕಣ್ಣು ಕಿರಿದು ಮಾಡಿ, ತುಂಬ ಹೊತ್ತು ನೋಡಿದ.

"ಹ್ಞಾಂ, ಈಗ ನೋಡು, ಎಷ್ಟು ಬೆಳಕು" ಅಂದ.

ಪರದೆ ಇನ್ನೂ ಆನ್ ಆಗಿರಲಿಲ್ಲ. ಅವನಿಗೆ ಅದು ತಿಳಿದಿತ್ತೋ, ನನ್ನ ಸಮಾಧಾನಕ್ಕೆ ಅಂದನೋ, ನಾನು ಕೇಳಲಿಲ್ಲ.

"ಹೌದಣ್ಣಾ," ಅಂದೆ, "ನೀನು ಹೇಳಿದ್ದೇ ಸರಿ. ಮಂಕಾಗಿತ್ತು."